ಗುಂಗಾಡ ಕಾಡಿನಿಂದ ಬರುವುದಿಲ್ಲ

ನಮ್ಮ ಮನೆ ಪೀರನವಾಡಿ ದಾಟಿ, ಖಾನಾಪುರ ರಸ್ತೆಯಿಂದ ಸ್ವಲ್ಪ ಒಳಗೆ ಹೋದರೆ ಸಿಗುತ್ತದೆ. ಹಿತ್ತಲು ಮುಗಿದಲ್ಲಿಂದಲೇ ಗಿಡಗಂಟಿ ಶುರು. ಒಂದಿಷ್ಟು ಸಾಗವಾನಿ, ಎರಡು ದೊಡ್ಡ ನೇರಳೆ ಮರ, ಒಂದು ಬಿದಿರ ಮೆಳೆ, ಅದರಾಚೆ ಯಾರೂ ಮನೆ ಕಟ್ಟದೆ ಬಿಟ್ಟ ಪ್ಲಾಟುಗಳಲ್ಲಿ ಎದೆಮಟ್ಟ ಬೆಳೆದ ಪೊದೆ. ಬಂದವರೆಲ್ಲ ಮೊದಲು "ಹವಾ ಭಾಳ ಛಲೋ ಐತಿ ನೋಡ್ರಿ" ಅನ್ನುತ್ತಾರೆ. ಕಾಲು ಗಂಟೆ ಆದ ಮೇಲೆ ಕಾಲು ಕೆರೆದುಕೊಳ್ಳುತ್ತಾ "ಗುಂಗಾಡ ಭಾಳ ಅದಾವಲ್ರಿ" ಅನ್ನುತ್ತಾರೆ. ಸೊಳ್ಳೆ ಅನ್ನುವ ಪದ ನಮಗೆ ಸಾಲೆಯ ಪುಸ್ತಕದಲ್ಲಷ್ಟೇ ಸಿಕ್ಕಿದ್ದು. ಕಚ್ಚುತ್ತಿದ್ದದ್ದು ಯಾವಾಗಲೂ ಗುಂಗಾಡವೇ.

ಹೋದ ಮಳೆಗಾಲದಲ್ಲಿ ಹೀಗೆ ಕೆರೆದುಕೊಂಡವರಲ್ಲಿ ನನ್ನ ಅಕ್ಕನ ಅತ್ತೆಯೂ ಒಬ್ಬರು. ಅಕ್ಕನನ್ನು ಕೊಟ್ಟಿರುವುದು ಬೆಳಗಾವಿ ಊರೊಳಗೆ, ಮೂರನೆಯ ಮಹಡಿಯ ಮನೆಗೆ. ಮನೆಮಂದಿಯೆಲ್ಲ ಒಂದು ಮಧ್ಯಾಹ್ನ ನಮ್ಮಲ್ಲಿ ಊಟಕ್ಕೆ ಬಂದಿದ್ದರು. ಅತ್ತೆ ಹೋಳಿಗೆ ತಿನ್ನುವುದಕ್ಕಿಂತ ಕೈಕಾಲಿಗೆ ಹೊಡೆದುಕೊಂಡಿದ್ದೇ ಹೆಚ್ಚು. ವಾರ ಕಳೆಯುವುದರೊಳಗೆ ಅವರ ಸಣ್ಣ ಮಗನಿಗೆ, ಅಂದರೆ ಅಕ್ಕನ ಮೈದುನನಿಗೆ, ಡೆಂಗಿ ಜ್ವರ ಬಂತು. ದವಾಖಾನೆಯಲ್ಲಿ ದಿನಗಟ್ಟಲೆ ಮಲಗಿದ. ರಕ್ತದ ರಿಪೋರ್ಟು ಬಂದಾಗಲೆಲ್ಲ ಅತ್ತೆಯ ಮುಖ ಬಿಳಿಚಿಕೊಳ್ಳುತ್ತಿತ್ತಂತೆ. ಹುಡುಗ ಉಳಿದ. ಆದರೆ ಜ್ವರ ಎಲ್ಲಿಂದ ಬಂತು ಅನ್ನುವುದು ಆ ಮನೆಯಲ್ಲಿ ತೀರ್ಮಾನವಾಗಿಹೋಗಿತ್ತು. ಪೀರನವಾಡಿ ಆಚೆ, ಕಾಡಿನ ಬಾಜು ಇರುವ ಬೀಗರ ಮನೆಯಿಂದ.

ಈ ವರ್ಷ ಅಕ್ಕ ಬಸುರಿ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು, ಅದರಲ್ಲಿ ಮಾತಿಲ್ಲ. ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಕುಬಸದ, ಅಂದರೆ ಸೀಮಂತದ, ಕಾರ್ಯ ಮಾಡಿ, ಹಸಿರು ಬಳೆ ತೊಡಿಸಿ, ಅಕ್ಕನನ್ನು ಇಲ್ಲೇ ಉಳಿಸಿಕೊಳ್ಳುವುದು ಅಂತ ಅವ್ವ ಎಲ್ಲ ಲೆಕ್ಕ ಹಾಕಿದ್ದಳು. ಅದನ್ನು ಹೇಳಲಿಕ್ಕೆ ಫೋನು ಮಾಡಿದಾಗ ಅಕ್ಕನ ಅತ್ತೆ ಸಮಾಧಾನದಿಂದಲೇ ಹೇಳಿದರು. ಸ್ಪೀಕರ್ ಹಾಕಿದ್ದರಿಂದ ನಾವೆಲ್ಲ ಕೇಳಿದೆವು.

"ಕುಬಸ ನಿಮ್ಮಲ್ಲೇ ಮಾಡ್ರಿ ಅಕ್ಕಾರ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಸೊಸೀನ ಅಲ್ಲಿ ಬಿಡೂದೋ, ವಾಪಸ್ ಕರಕೊಂಡ ಬರೂದೋ, ಅದನ್ನ ಅವತ್ತ ಸಂಜೀಕ ನೋಡತೇನಿ. ಬಸುರಿ ಹೆಣ್ಮಗಳನ್ನ ಒಯ್ದು ಗುಂಗಾಡದ ಬಾಯಾಗ ಹೆಂಗ ಇಡೂದ್ರಿ?"

ಅವ್ವ "ಆತ್ರಿ" ಅಂದು ಫೋನು ಇಟ್ಟಳು. ಆಮೇಲೆ ಎಷ್ಟೋ ಹೊತ್ತು ಸೊಪ್ಪು ಸೋಸುತ್ತಾ ಕುಳಿತಿದ್ದಳು. ಸೋಸಿ ಆದ ಸೊಪ್ಪನ್ನೇ ಮತ್ತೆ ಸೋಸುತ್ತಿದ್ದಳು.

"ಮಗಳ ಬಾಣಂತನ ಮಾಡಾಕ ನನಗ ಮನೀನ ಇಲ್ಲದಂಗ ಆತ ನೋಡ," ಅಂದಳು.

ಆ ಮಾತು ಕೇಳಿಯೇ ನಾನು ಈ ಗುಂಗಾಡದ ಉಸಾಬರಿಗೆ ಇಳಿದದ್ದು. ನಾನೇನು ಇದನ್ನು ಓದಿದವಳಲ್ಲ. ಡಿಪ್ಲೊಮಾ ಮುಗಿಸಿ ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ತಪಾಸಣೆ ವಿಭಾಗದಲ್ಲಿದ್ದೇನೆ. ಬಂದ ಮಾಲನ್ನು ಅಳೆಯುವುದು, ತಪ್ಪಿದ್ದಕ್ಕೆ ಕೆಂಪು ಬಣ್ಣ ಹಚ್ಚಿ ಪಕ್ಕಕ್ಕೆ ಇಡುವುದು ನನ್ನ ಕೆಲಸ. ಬಸ್ಸಿನಲ್ಲಿ ಹೋಗುವಾಗ ಬರುವಾಗ ಮೊಬೈಲಿನಲ್ಲಿ ಗುಂಗಾಡದ ವಿಡಿಯೊ ನೋಡಲಿಕ್ಕೆ ಶುರು ಮಾಡಿದೆ. ಒಂದು ನೋಡಿದರೆ ಮೊಬೈಲು ತಾನೇ ಇನ್ನೊಂದು ತೋರಿಸುತ್ತದೆ. ಹದಿನೈದು ದಿನದಲ್ಲಿ ಬಾಜೂ ಸೀಟಿನವರು ಎದ್ದು ಬೇರೆ ಕಡೆ ಕೂರುವಷ್ಟು ಕಲಿತೆ.

ಕಲಿತದ್ದರಲ್ಲಿ ಒಂದು ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಡೆಂಗಿ ತರುವ ಗುಂಗಾಡ, ಅಂದರೆ ಕಾಲಿಗೆ ಬಿಳಿ ಪಟ್ಟೆ ಇರುವ, ಹಗಲು ಹೊತ್ತಿನಲ್ಲಿ ಕಚ್ಚುವ ಆ ಕರಿ ಗುಂಗಾಡ, ದೂರ ಹಾರುವುದಿಲ್ಲ. ಹುಟ್ಟಿದ ಕಡೆಯಿಂದ ನಾಲ್ಕು ಮನೆ ಆಚೆ ಹೋದರೆ ಅದಕ್ಕೆ ದೊಡ್ಡ ಪ್ರವಾಸ. ಚರಂಡಿಯ ಕೊಳಕು ಅದಕ್ಕೆ ಬೇಡ, ತಿಳಿ ನೀರು ಬೇಕು. ಒಂದು ಬಟ್ಟಲಿನಷ್ಟು ನೀರು ಎಂಟು ದಿನ ಅಲ್ಲಾಡದೆ ನಿಂತರೆ ಸಾಕು, ಒಂದು ಸಂಸಾರ ಬೆಳೆದು ನಿಲ್ಲುತ್ತದೆ. ಅಂದರೆ ನಮ್ಮನ್ನು ಹಗಲು ಕಚ್ಚುವುದು ನಮ್ಮ ಅಂಗಳದಲ್ಲೇ ಹುಟ್ಟಿ ಬೆಳೆದದ್ದು. ಮಾಲು ಕೆಟ್ಟು ಬಂದರೆ ಮಾಲಿಗೆ ಬೈದು ಏನೂ ಉಪಯೋಗವಿಲ್ಲ, ಯಾವ ಮಷಿನ್ನಿನಿಂದ ಬಂತು ಅದನ್ನು ಹುಡುಕಬೇಕು ಅಂತ ನಮ್ಮ ಶಾಪಿನಲ್ಲಿ ದಿನಾ ಹೇಳುತ್ತಾರೆ. ಇದೂ ಅದೇ.

ನನಗೆ ಇಷ್ಟು ಸರಳವಾಗಿ ಕಂಡದ್ದನ್ನು ಮನೆಯಲ್ಲಿ ಒಬ್ಬರಿಗೂ ಒಪ್ಪಿಸಲು ಆಗಲಿಲ್ಲ.

"ಕಾಡಿಂದ ಬರ್ತಾವ," ಅಂದ ಅಪ್ಪ. ಅಪ್ಪ ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕದ ಕೆಲಸ ಮಾಡಿದವನು. ಅಷ್ಟು ವರ್ಷ ಬೆಂಕಿಯ ಮುಂದೆ ನಿಂತವನಿಗೆ ಯಾರ ಮಾತೂ ಬಿಸಿ ಮುಟ್ಟಿಸುವುದಿಲ್ಲ. "ಆಷಾಢದಾಗ ಕಣಕುಂಬಿ ಘಟ್ಟದ ಕಡಿಂದ ಮೋಡ ಏರಿ ಬರ್ತಾವಲ್ಲ, ಅವುಗಳ ಕೂಡನ ಬರ್ತಾವ ಇವು."

"ಅಪ್ಪಾ, ಕಣಕುಂಬಿ ಎಲ್ಲಿ, ನಾವೆಲ್ಲಿ. ಅವೇನು ಬಸ್ ಹತ್ತಿ ಬರ್ತಾವನು?"

"ಗಾಳಿ ಐತಲ್ಲ. ಟಿಕೀಟ್ ಯಾಕ ಬೇಕು."

ಬಾಜೂ ಮನೆಯ ಕಾಕಾ ಇನ್ನೊಂದು ತರಹ. ಖಾನಾಪುರ ಕಡೆಯ ಮರಾಠಿ ಮಾತಿನವರು. ನಮ್ಮೊಂದಿಗೆ ಕನ್ನಡದಲ್ಲಿ ಶುರು ಮಾಡಿ, ಸಿಟ್ಟು ಬಂದರೆ ಮರಾಠಿಗೆ ಹೋಗಿ, ನಗು ಬಂದರೆ ತಿರುಗಿ ಕನ್ನಡಕ್ಕೆ ಬರುತ್ತಾರೆ. ಅವರ ದನದ ಕೊಟ್ಟಿಗೆಯ ತಗಡಿನ ಮೇಲೆ, ಗಾಳಿಗೆ ಹಾರಬಾರದು ಅಂತ ಹನ್ನೊಂದು ಹಳೇ ಲಾರಿ ಟಾಯರುಗಳನ್ನು ಇಟ್ಟಿದ್ದಾರೆ. ಪ್ರತಿ ಟಾಯರಿನ ಹೊಟ್ಟೆಯಲ್ಲೂ ಮಳೆನೀರು. ನಾನು ಏಣಿ ಹತ್ತಿ ಬಿಳಿ ಪ್ಲಾಸ್ಟಿಕ್ ಸೌಟಿನಲ್ಲಿ ಆ ನೀರು ತೆಗೆದು ತೋರಿಸಿದೆ. ಸೌಟಿನ ತುಂಬ ದಾರದ ತುಂಡಿನಂಥ ಮರಿಗಳು ಕೊಂಕಿ ಕೊಂಕಿ ಕುಣಿಯುತ್ತಿದ್ದವು.

"ಕಾಕಾ, ನೋಡ್ರಿ. ಇವ ಎಂಟ ದಿನದಾಗ ಗುಂಗಾಡ ಆಗ್ತಾವ."

"ಅಗ ಪೋರಿ, ಡಾಸ ರಾನಾತೂನ ಯೇತಾತ." ಡಾಸ ಅಂದರೆ ಗುಂಗಾಡ, ರಾನ ಅಂದರೆ ಕಾಡು. ಮರಾಠಿಯಲ್ಲೂ ಅದೇ ರಾಗ. "ಇವ ಏನೋ ನೀರಿನ ಹುಳ. ನಮ್ಮ ಊರ ಹಳ್ಳದಾಗ ಬೇಕಾದಷ್ಟ ಇದ್ವು. ನಾವು ಅದ ನೀರ ಕುಡದ ಬೆಳದೀವಿ."

"ಟಾಯರಿಗಿ ನಾಕ ತೂತ ಕೊರದ್ರ ನೀರ ನಿಂದ್ರೂದಿಲ್ಲ ಕಾಕಾ. ನಾನ ಕೊರೀತೇನಿ, ಡ್ರಿಲ್ ತರ್ತೇನಿ."

"ತೂತ ಕೊರದ ಟಾಯರ್ ಯಾವ ಕೆಲಸಕ್ಕ ಬರತೈತಿ?"

"ಈಗ ಯಾವ ಕೆಲಸಕ್ಕ ಬಂದೈತ್ರಿ?"

"ತಗಡ ಹಾರಗೊಡವಲ್ದು," ಅಂದರು ಕಾಕಾ.

ನಮ್ಮ ಹಿತ್ತಲಲ್ಲಿ ನಾನು ಹುಡುಕಿದಲ್ಲೆಲ್ಲ ಸಿಕ್ಕವು. ಹೂಕುಂಡಗಳ ಕೆಳಗಿನ ತಟ್ಟೆಯಲ್ಲಿ, ಕಟ್ಟಿಗೆಯ ರಾಶಿಗೆ ಹೊದಿಸಿದ ತಾಡಪತ್ರಿಯ ಮಡಿಕೆಯಲ್ಲಿ, ಯಾವಾಗಲೋ ಬಣ್ಣ ಹಚ್ಚಿ ಬಿಸಾಕಿದ ಡಬ್ಬಿಯಲ್ಲಿ, ನೇರಳೆ ಮರದ ಕವಲಿನ ಪೊಟರೆಯಲ್ಲಿ. ಸಿಕ್ಕದ್ದಕ್ಕೆಲ್ಲ ಕೆಂಪು ಬಣ್ಣದ ಪೆನ್ನಿನಿಂದ ಗುರುತು ಹಾಕಿದೆ. ಪೊಟರೆಗೆ ಉಸುಕು ತುಂಬಿದೆ, ತಟ್ಟೆ ಬೋರಲು ಹಾಕಿದೆ, ಡಬ್ಬಿ ಬಿಸಾಡಿದೆ. ಮರುದಿನ ಕೆಲಸದಿಂದ ಬಂದರೆ ಅವ್ವ ತಟ್ಟೆಗಳನ್ನು ತಿರುಗಿ ಕುಂಡದ ಕೆಳಗೆ ಇಟ್ಟಿರುತ್ತಿದ್ದಳು. "ಕಟ್ಟಿ ಮ್ಯಾಲೆ ರಾಡಿ ಆಗತೈತಿ," ಅನ್ನುತ್ತಿದ್ದಳು. ಮಗಳ ಬಾಣಂತನ ಬೇಕು, ಕಟ್ಟೆ ಮೇಲೆ ರಾಡಿ ಮಾತ್ರ ಆಗಬಾರದು.

ಅವ್ವನ ಉಪಾಯ ಬೇರೆ ಇತ್ತು. ದಿನಾ ಸಂಜೆ ಬೇವಿನ ಸೊಪ್ಪು, ಸಗಣಿಯ ಕುಳ್ಳು ಹಾಕಿ ಹೊಗೆ ಎಬ್ಬಿಸುವುದು. ಹೊಗೆಗೆ ಗುಂಗಾಡ ಹೊರಗೆ ಹೋಗುತ್ತಿದ್ದವು, ಅವುಗಳ ಹಿಂದೆ ನಾವೂ ಕೆಮ್ಮುತ್ತಾ ಹೋಗುತ್ತಿದ್ದೆವು. ಹೊರಗೆ ನಾವೂ ಅವೂ ಒಂದೇ ಕಡೆ. ಪಂಚಾಯ್ತಿಯವರ ಹೊಗೆ ಮಷಿನ್ ಒಂದು ದಿನ ಬಂದಾಗಲಂತೂ ಓಣಿಯೆಲ್ಲ ಹಬ್ಬ. ಎಲ್ಲರೂ ಬಾಗಿಲು ತೆರೆದು, ಮೂಗಿಗೆ ಸೆರಗು ಹಿಡಿದು, ಆ ಬಿಳಿ ಹೊಗೆಯಲ್ಲಿ ನಿಂತು ಸಂತೋಷಪಟ್ಟರು. ಆ ಹೊಗೆ ಹಾರುತ್ತಿರುವ ಗುಂಗಾಡವನ್ನಷ್ಟೇ ಕೊಲ್ಲುತ್ತದೆ, ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ, ಎರಡು ದಿನ ಬಿಟ್ಟು ಹೊಸ ದಂಡು ಬರುತ್ತದೆ ಅಂತ ನಾನು ಹೊಗೆಯಲ್ಲೇ ನಿಂತು ಹೇಳಿದೆ. ಕಾಕಾ ಹೊಗೆಯ ಒಳಗಿಂದ ಹೇಳಿದರು, "ಈ ಪೋರೀಗಿ ಯಾರ ಏನ ಮಾಡಿದ್ರೂ ಛಲೋ ಅನಸೂದಿಲ್ಲ."

ಆದರೆ ಇವೆಲ್ಲಕ್ಕಿಂತ ನನ್ನ ತಲೆ ಕೆಡಿಸಿದ್ದು ಅಪ್ಪನ ಬಿದಿರು. ನಾನು ಕೆಲಸಕ್ಕೆ ಹೋದ ಒಂದು ದಿನ, ಗುಂಗಾಡದ ಮೂಲವೇ ತೆಗೆಯುತ್ತೇನೆ ಅಂತ ಅಪ್ಪ ಕೊಡಲಿ ತೆಗೆದುಕೊಂಡು ಮೆಳೆಗೆ ಇಳಿದಿದ್ದ. ಸಂಜೆ ಬಂದು ನೋಡಿದರೆ ಬಿದಿರೆಲ್ಲ ಮೊಣಕಾಲೆತ್ತರಕ್ಕೆ ಕಡಿದು ಸಾಲಾಗಿ ನಿಂತಿದ್ದವು. ಕಡಿದದ್ದು ಗಿಣ್ಣಿಗೆ ಸರಿಯಾಗಿ ಅಲ್ಲ, ಗಿಣ್ಣಿನ ಮೇಲೆ ಒಂದು ಗೇಣು ಬಿಟ್ಟು. ಅಂದರೆ ಪ್ರತಿ ಬುಡವೂ ಒಂದೊಂದು ಲೋಟ. ಮೇಲೆ ಬಾಯಿ ತೆರೆದು, ಕೆಳಗೆ ಗಿಣ್ಣಿನ ತಳ ಭದ್ರವಾಗಿ, ಜಿಟಿಜಿಟಿ ಮಳೆಗೆ ಕಾಯುತ್ತಾ ನಿಂತ ನೂರಾರು ಲೋಟಗಳು. ಹತ್ತು ದಿನಕ್ಕೆ ಹಿತ್ತಲಲ್ಲಿ ನಿಲ್ಲಲಾಗದಷ್ಟು ಗುಂಗಾಡ.

"ನೋಡಿದಿ? ಕಡದ್ರೂ ಕಮ್ಮಿ ಆಗಲಿಲ್ಲ," ಅಂದ ಅಪ್ಪ. "ನಾ ಹೇಳಲಿಲ್ಲೇನು, ಅವು ಕಣಕುಂಬಿಯಿಂದನ ಬರ್ತಾವ."

ಎರಡು ರವಿವಾರ ಕೂತು ಪ್ರತಿ ಲೋಟವನ್ನೂ ಗಿಣ್ಣಿನ ಸಮಕ್ಕೆ ಗರಗಸದಿಂದ ಕೊಯ್ದೆ. ಕೊಯ್ಯುವಾಗ ಒಳಗಿನ ನೀರು ಮುಖಕ್ಕೆ ಸಿಡಿಯುತ್ತಿತ್ತು. ಅಪ್ಪ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ, ಗರಗಸ ಹೆಂಗೆ ಹಿಡಿಯಬೇಕು ಅಂತ ಅಲ್ಲಿಂದಲೇ ಹೇಳುತ್ತಿದ್ದ.

ಕುಬಸಕ್ಕೆ ಇನ್ನು ಮೂರು ವಾರ ಇತ್ತು. ಉಳಿದದ್ದು ನೀರಿನ ಟಾಕಿ. ನಮ್ಮಲ್ಲಿ ನಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಅದಕ್ಕೆ ಬಚ್ಚಲ ಹಿಂದೆ ಸಿಮೆಂಟಿನ ಟಾಕಿ, ಅದರ ಬಾಜೂ ನಾಲ್ಕು ನೀಲಿ ಬ್ಯಾರಲ್ಲು. ಇದನ್ನು ಚೆಲ್ಲಿ ಅಂದರೆ ಮನೆಯಲ್ಲಿ ಯುದ್ಧವೇ ಆಗುತ್ತಿತ್ತು. ಚೆಲ್ಲದೇ ಮರಿ ಕೊಲ್ಲುವುದು ಹೇಗೆ ಅಂತ ಹುಡುಕಿದಾಗ ವಿಡಿಯೊದವನು ಗಪ್ಪಿ ಮೀನು ತೋರಿಸಿದ. ಬೆರಳಿನ ಉಗುರಿನಷ್ಟು ಮೀನು, ದಿನಕ್ಕೆ ನೂರಾರು ಮರಿ ತಿನ್ನುತ್ತದಂತೆ. ಬೆಳಗಾವಿಗೆ ಹೋಗಿ ಮೀನಿನ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಚೀಲದ ತುಂಬ ತಂದು, ಒಂದು ಶುಕ್ರವಾರ ಸಂಜೆ ಅವ್ವ ಓಣಿಯ ಹೆಂಗಸರ ಜೊತೆ ಕೂತಿದ್ದಾಗ, ಟಾಕಿಗೂ ಬ್ಯಾರಲ್ಲಿಗೂ ಹಂಚಿ ಬಿಟ್ಟೆ. ಹೇಳಿ ಬಿಟ್ಟರೆ ಬೇಡ ಅನ್ನುತ್ತಾಳೆ. ಮರಿ ಕಡಿಮೆಯಾದ ಮೇಲೆ ಹೇಳಿದರಾಯಿತು ಅಂತ ನನ್ನ ಲೆಕ್ಕ. ಮರುದಿನ ಸೌಟು ಹಾಕಿ ನೋಡಿದರೆ ಟಾಕಿಯಲ್ಲಿ ಒಂದೂ ಮರಿ ಇಲ್ಲ. ಶಾಪಿನಲ್ಲಿ ಆ ದಿನ ನಾನು ಸುಮ್ಮಸುಮ್ಮನೆ ನಗುತ್ತಿದ್ದೆನಂತೆ.

ಅವ್ವ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಾಳೆ. ಪೂಜೆಯ ನೀರು ಹೊಸದಾಗಿ ತುಂಬಿದ ತಾಮ್ರದ ತಂಬಿಗೆಯದೇ ಆಗಬೇಕು. ಆ ತಂಬಿಗೆ ತುಂಬುವುದು ಟಾಕಿಯಿಂದ. ಇದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಮೀನು ಬಿಡುವಾಗ ಮಾತ್ರ ನೆನಪಾಗಲಿಲ್ಲ.

ಮಂಗಳವಾರ ಬೆಳಿಗ್ಗೆ ಅವ್ವ ದೇವರ ಜಗಲಿಯ ಮುಂದಿನಿಂದ ಕರೆದಳು. ಧ್ವನಿ ಏರಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

"ಇಕಡಿ ಬಾ. ಇದೇನೈತಿ?"

ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ತಂಬಿಗೆ. ತಂಬಿಗೆಯಲ್ಲಿ ಬಾಲ ಅಲ್ಲಾಡಿಸುತ್ತಾ ಒಂದು ಗಪ್ಪಿ ಸುತ್ತುತ್ತಿತ್ತು.

"ಮೀನ," ಅಂದೆ.

"ಮೀನ ಅನ್ನೂದು ನನಗೂ ಕಾಣತೈತಿ. ನನ್ನ ತಂಬಿಗ್ಯಾಗ ಯಾಕೈತಿ?"

"ಗುಂಗಾಡದ ಮರಿ ತಿಂತೈತಿ ಅಂತ ಟಾಕ್ಯಾಗ ಬಿಟ್ಟೇನಿ ಯವ್ವಾ."

"ಯಾವಾಗ?"

"ಶುಕ್ರವಾರ."

ಅವ್ವ ಒಂದೊಂದೇ ದಿನ ಎಣಿಸಿದಳು. "ಶನಿವಾರ, ಐತವಾರ, ಸೋಮವಾರ. ಮೂರ ದಿನ ಮೀನಿನ ನೀರಿಲೆ ಪೂಜಿ ಮಾಡೇನಿ. ಮೂರ ದಿನ ಅದ ನೀರ ಪಾದೋದಕ ಅಂತ ಕುಡದೇನಿ. ಅದರಾಗ ಅನ್ನಾ ಬೇಯಿಸಿ ನಿಮ್ಮಪ್ಪಗ ನೀಡೇನಿ."

"ಅದಕ್ಕ ಅನ್ನು, ಸಾರು ಭಾಳ ರುಚಿ ಆಗಿತ್ತು," ಅಂದ ಅಪ್ಪ, ಪೇಪರಿನ ಹಿಂದಿನಿಂದ.

ಅವ್ವ ಅವನತ್ತ ನೋಡಿದ ನೋಟಕ್ಕೆ ಪೇಪರು ಇನ್ನೂ ಎರಡು ಬೆರಳು ಮೇಲೇರಿತು.

ಆಮೇಲೆ ನಡೆದದ್ದು ಇಷ್ಟು. ನಾನು ಚಹಾ ಸೋಸುವ ಜರಡಿಯಿಂದ ಮೀನು ಹಿಡಿದು ಬಕೀಟಿಗೆ ಹಾಕಿದೆ. ಆ ಜರಡಿಯನ್ನು ಅವ್ವ ಅಲ್ಲೇ ಕಸದ ಬುಟ್ಟಿಗೆ ಹಾಕಿದಳು. ಕಾಕಾ ಬೇಲಿಯ ಮೇಲೆ ಬಗ್ಗಿ ಬಕೀಟು ನೋಡಿ, "ಎವಢೀಶೀ ಗ, ಇಷ್ಟ ಸಣ್ಣವು, ಹುರದ್ರ ಹಲ್ಲಿಗಿ ಹತ್ತಂಗಿಲ್ಲ," ಅಂದು, ತಮ್ಮ ದನ ನೀರು ಕುಡಿಯುವ ಕಲ್ಲುದೋಣಿಗೆ ಬಿಟ್ಟುಕೊಂಡರು. ಅವ್ವ ಸೀರೆ ಎತ್ತಿಕಟ್ಟಿ ಟಾಕಿಗೆ ಇಳಿದಳು. ಇಡೀ ಟಾಕಿ ಚೆಲ್ಲಿ, ತೆಂಗಿನ ನಾರು, ಸುಣ್ಣ, ಹುಣಸೆಹಣ್ಣು ಹಚ್ಚಿ ಗೋಡೆ ಬಿಳಿಯಾಗುವ ತನಕ ತಿಕ್ಕಿದಳು. ನಾಲ್ಕು ಬ್ಯಾರಲ್ಲನ್ನೂ ಉರುಳಿಸಿ ಒಳಗೆ ಕೈ ಹಾಕಿ ತಿಕ್ಕಿದಳು. ಹೂಕುಂಡದ ತಟ್ಟೆ, ಕೊಡ, ಬಕೀಟು, ನಾಯಿಯ ನೀರಿನ ಬಟ್ಟಲು, ಒಂದನ್ನೂ ಬಿಡಲಿಲ್ಲ. ಯಾವುದರಲ್ಲಿ ಮೀನು ಉಳಿದಿದೆಯೋ ಅಂತ ಅವಳ ಸಂಶಯ. ನನ್ನ ಜೊತೆ ಒಂದು ಮಾತಿಲ್ಲ. ಮುಂದಿನ ವಾರ ನೀರು ಬಂದ ದಿನ ಮತ್ತೆ ಅದೇ. ಅದರ ಮುಂದಿನ ವಾರವೂ ಅದೇ.

ನಾನು ಎರಡು ತಿಂಗಳಿಂದ ಬಾಯಿ ನೋಯುವ ತನಕ ಹೇಳಿದ್ದು ಏನು? ವಾರಕ್ಕೊಮ್ಮೆ ಚೆಲ್ಲಿ, ಗೋಡೆ ತಿಕ್ಕಿ, ತಿಕ್ಕದಿದ್ದರೆ ಗೋಡೆಗೆ ಅಂಟಿದ ತತ್ತಿ ಹೋಗುವುದಿಲ್ಲ ಅಂತ. ಅದು ಗುಂಗಾಡದ ಹೆಸರಲ್ಲಿ ಆಗಲಿಲ್ಲ, ಮೀನಿನ ಮೈಲಿಗೆಯ ಹೆಸರಲ್ಲಿ ಆಯಿತು. ನಾನು ಬಾಯಿ ಮುಚ್ಚಿಕೊಂಡು ಬ್ಯಾರಲ್ಲುಗಳಿಗೆ ಗಟ್ಟಿ ಮುಚ್ಚಳ ತಂದು ಹಾಕಿದೆ. ದಿನಾ ಸಂಜೆ ಐದಕ್ಕೆ ಹಿತ್ತಲಲ್ಲಿ ತೋಳು ಮಡಚಿ ಕಾಲು ಗಂಟೆ ಕೂತು, ಮೈಮೇಲೆ ಎಷ್ಟು ಕೂರುತ್ತವೆ ಅಂತ ಎಣಿಸುತ್ತಿದ್ದೆ. ಮೊದಲು ಎಣಿಸಲು ಆಗುತ್ತಿರಲಿಲ್ಲ. ಆಮೇಲೆ ಇಪ್ಪತ್ತು, ಹನ್ನೆರಡು, ಐದು. ಕುಬಸದ ಹಿಂದಿನ ದಿನ ಒಂದು. ಅದೂ ಕಾಕಾನ ಕಡೆಯಿಂದ ಬಂದದ್ದು ಅಂತ ನನಗೆ ಖಾತ್ರಿ.

ಕುಬಸದ ದಿನ ಅಕ್ಕ ಹಸಿರು ಸೀರೆ ಉಟ್ಟು, ಮೊಣಕೈ ತನಕ ಹಸಿರು ಬಳೆ ತೊಟ್ಟು, ತಲೆತುಂಬ ಹೂ ಮುಡಿದು ಕೂತಿದ್ದಳು. ಓಣಿಯ ಹೆಂಗಸರು ಹಾಡುತ್ತಾ ಆರತಿ ಮಾಡಿದರು. ಅಕ್ಕನ ಬ್ಯಾಗು ಮಾತ್ರ ಅವರ ಗಾಡಿಯಲ್ಲೇ ಇತ್ತು. ಯಾರೂ ಅದನ್ನು ಇಳಿಸು ಅನ್ನಲಿಲ್ಲ. ಅವ್ವ ಬಾಗಿಲಿಗೆ ಬಂದಾಗಲೆಲ್ಲ ಆ ಗಾಡಿಯ ಕಡೆ ನೋಡಿ ಒಳಗೆ ಹೋಗುತ್ತಿದ್ದಳು.

ಕಾರ್ಯ ಮುಗಿದ ಮೇಲೆ ಅಕ್ಕನ ಅತ್ತೆ ಬೇಕಂತಲೇ ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಸೀರೆಯನ್ನು ಪಾದದಿಂದ ಸ್ವಲ್ಪ ಮೇಲೆ ಸರಿಸಿದರು, ಸೆರಗು ತೋಳಿನಿಂದ ಇಳಿಸಿದರು. ಊಟವನ್ನೂ ಅಲ್ಲೇ ತರಿಸಿಕೊಂಡರು. ನಾನು ಅಡುಗೆಮನೆಯ ಕಿಟಕಿಯಿಂದ ಅವರ ಪಾದವನ್ನೇ ನೋಡುತ್ತಿದ್ದೆ. ಒಂದು ಗಂಟೆ ಆಯಿತು. ಒಂದೂ ಸಲ ಕೈ ಎತ್ತಿ ಹೊಡೆದುಕೊಳ್ಳಲಿಲ್ಲ.

"ಈ ಸಲ ಕಮ್ಮಿ ಅದಾವಲ್ರಿ ಅಕ್ಕಾರ," ಅಂದರು ಅತ್ತೆ. ಅವ್ವನ ಮುಖ ಅರಳಿತು. ಅದು ಅರಳಿ ಮುಗಿಯುವುದರೊಳಗೆ, ಊಟಕ್ಕೆ ಬಂದಿದ್ದ ಕಾಕಾ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ನನ್ನನ್ನು ಹೊಗಳಿಬಿಟ್ಟರು.

"ಈ ಪೋರಿ ಭಾರಿ ಶಾಣ್ಯಾ ಅದಾಳ್ರಿ. ಟಾಕ್ಯಾಗ ಮೀನ ಬಿಟ್ಟ ಡಾಸ ಕೊಂದ್ಲ್ರಿ ಈಕಿ."

ಅತ್ತೆಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. "ಯಾವ ಟಾಕ್ಯಾಗ್ರಿ?"

"ನೀರಿನ ಟಾಕ್ಯಾಗ," ಅಂದರು ಕಾಕಾ. ಆಮೇಲೆ ನಮ್ಮ ಮುಖ ನೋಡಿ, ಲೋಟ ಎತ್ತಿ ಸುಮ್ಮನೆ ಮಜ್ಜಿಗೆ ಕುಡಿದರು.

"ಅಕ್ಕಾರ, ಇವತ್ತಿನ ಅಡಗಿ ಯಾವ ನೀರಾಗ ಆಗೈತಿ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಮಾತಾಡಿದಳು. ಮೂರು ವಾರದಿಂದ ನನ್ನ ಜೊತೆ ಅಗತ್ಯಕ್ಕಷ್ಟೇ ಮಾತಾಡುತ್ತಿದ್ದ ಅವ್ವ.

"ಮೀನ ಬಿಟ್ಟಿದ್ದು ಖರೇರಿ. ನಾನ ತಗಸಿ, ಮೂರ ಸಲ ಟಾಕಿ ತಿಕ್ಕೇನಿ. ತಪ್ಪ ಆಗೇತಿ. ಆದ್ರ ಆಕಿ ಅದನ್ನ ಮಾಡಿದ್ದು ನಿಮ್ಮ ಸೊಸಿ ಸಲುವಾಗಿರಿ. ಬರ್ರಿ, ಟಾಕಿ ನೋಡ್ರಿ ನೀವ."

ಅತ್ತೆ ಎದ್ದರು. ಅವರ ಹಿಂದೆ ಅವ್ವ, ಅಕ್ಕ, ನಾನು, ಹಿಂದಿನಿಂದ ಮಜ್ಜಿಗೆ ಲೋಟ ಹಿಡಿದೇ ಕಾಕಾ. ಟಾಕಿಯ ಮುಚ್ಚಳ ತೆಗೆದು ನೋಡಿದರು, ತಳದ ತನಕ ಕಾಣುತ್ತಿತ್ತು. ಬ್ಯಾರಲ್ಲಿನ ಕಡೆ ತಿರುಗಿದರು. ನಾನು ತಂದು ಹಾಕಿದ್ದ ಮುಚ್ಚಳದ ಮೇಲೆ ಕೈ ಇಟ್ಟು, ಹಾಗೇ ನಿಂತರು.

"ಇವೇನವಾ?" ಅಂದರು ನನಗೆ. "ಇವೂ ನಿನ್ನ ಮೀನಾ?"

ಆ ಮುಚ್ಚಳಕ್ಕೆ ಸುತ್ತ ಎರಡು ಬೆರಳಿನ ಅಂಚು ಇದೆ. ನಾನು ಅದನ್ನು ನೋಡಿಯೇ ಇರಲಿಲ್ಲ. ಅಂಚಿನ ಒಳಗೆ ಮಳೆನೀರು ನಿಂತಿತ್ತು, ಅದರಲ್ಲಿ ಹತ್ತಿಪ್ಪತ್ತು ಮರಿ ಕೊಂಕಾಡುತ್ತಿದ್ದವು. ಊರವರ ಡಬ್ಬಿ, ಟಾಯರು, ಬಿದಿರು ಎಲ್ಲಕ್ಕೂ ಕೆಂಪು ಗುರುತು ಹಾಕಿದವಳು ನಾನು. ನಾನೇ ತಂದ ಮುಚ್ಚಳವನ್ನು ತಪಾಸಣೆ ಮಾಡಿರಲಿಲ್ಲ. ಅವ್ವ ನನ್ನ ಕಡೆ ನೋಡಿದಳು. ಎಲ್ಲ ಮುಗಿಯಿತು ಅನ್ನಿಸಿತು. ಸುಳ್ಳು ಹೇಳಿದರೂ ಉಪಯೋಗವಿಲ್ಲ.

"ಇಲ್ಲರಿ ಅತ್ಯಾರ. ಇವ ಗುಂಗಾಡದ ಮರಿ. ಮುಚ್ಚಳಾ ನಾನ ಹಾಕೇನಿ, ಅದರ ಮ್ಯಾಲೆ ನೀರ ನಿಂದರತೈತಿ ಅಂತ ನೋಡಲಿಲ್ಲ. ತಪ್ಪ ನಂದರಿ."

ಅತ್ತೆ ಬೈಯಲಿಲ್ಲ. ಬಗ್ಗಿ ಇನ್ನೂ ಹತ್ತಿರದಿಂದ ನೋಡಿದರು.

"ಇವ ಗುಂಗಾಡ ಆಗ್ತಾವ?"

"ಹೌದ್ರಿ. ಎಂಟ ಹತ್ತ ದಿನದಾಗ ರೆಕ್ಕಿ ಬಂದ ಹಾರತಾವ."

"ಇವ, ಹಿಂಗ ಕುಣಿಯೂವು, ಇವನ?"

"ಇವನರಿ."

ಅವರು ನೆಟ್ಟಗಾಗಿ ಸೊಸೆಯ ಕಡೆ ತಿರುಗಿದರು. ಅಕ್ಕ ಕಣ್ಣು ಕೆಳಗೆ ಹಾಕಿದಳು. ಆಗ ನನಗೆ ನೆನಪಾಯಿತು. ಅವರ ಮನೆಯ ಪ್ರತಿ ಕಿಟಕಿಯಲ್ಲೂ ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಮನಿಪ್ಲಾಂಟ್ ಬಳ್ಳಿ ಬಿಟ್ಟಿದ್ದಾರೆ. ಸಣ್ಣ ಮಗನ ಮಂಚದ ತಲೆಕಡೆಗೂ ಎರಡು ಬಾಟಲಿ. ನಾನೇ ಎಷ್ಟು ಸಲ ಹೋಗಿ "ಎಷ್ಟ ಛಂದ ಹಬ್ಬೈತ್ರಿ" ಅಂದಿದ್ದೇನೆ. ಆಗ ನನಗೂ ಈ ವಿದ್ಯೆ ಇರಲಿಲ್ಲ.

"ನಮ್ಮ ಬಾಟಲ್ಯಾಗ ಇವ ಅದಾವ," ಅಂದರು ಅತ್ತೆ. ಮಾತು ನಿಧಾನವಾಗಿ ಬಂತು. "ಎರಡ ವರ್ಷದಿಂದ ಅದಾವ. ನಾ ದಿನಾ ನೋಡತಿದ್ದೆ. ನೀರಾಗ ಜೀವ ಐತಿ ಅಂದ್ರ ಬ್ಲೀಚಿಂಗ್ ಪೌಡರ್ ಹಾಕದ ಛಲೋ ನೀರ ಅಂತ ತಿಳಕೊಂಡಿದ್ದೆ. ಚೆಲ್ಲಿದ್ರ ಬಳ್ಳಿ ಬಾಡತೈತಿ ಅಂತ ಮ್ಯಾಲೆ ಮ್ಯಾಲೆ ಸುರಿತಿದ್ದೆ."

ಬೀಗರ ಮನೆಯ ತಪ್ಪು ಎತ್ತಿ ಆಡುವಂತಿಲ್ಲ, ಅದು ನಮಗೆಲ್ಲ ಗೊತ್ತು. ನನಗೆ ಮಾತ್ರ ಅಲ್ಲಿ ನಿಂತು ಹಲ್ಲು ಕಚ್ಚಿಕೊಳ್ಳುವಷ್ಟು ಸಿಟ್ಟು ಬಂದಿತ್ತು. ಒಂದು ವರ್ಷ ಅವ್ವ ಆ ಜ್ವರದ ಅಪವಾದ ಹೊತ್ತುಕೊಂಡು ಅಡ್ಡಾಡಿದ್ದಳು. ಅತ್ತೆಯ ಮುಖ ನೋಡಿದ ಮೇಲೆ ಆ ಸಿಟ್ಟನ್ನು ಎಲ್ಲಿ ಇಡಬೇಕು ಅನ್ನುವುದೇ ತಿಳಿಯಲಿಲ್ಲ.

ಅವ್ವನೇ ಮೊದಲು ಮಾತಾಡಿದಳು. "ಗೊತ್ತಿಲ್ಲದ್ದಕ್ಕ ಯಾರ ಏನ ಮಾಡೂದ್ರಿ ಅಕ್ಕಾರ. ಬರ್ರಿ, ಊಟಾ ಅರ್ಧಾ ಆಗೇತಿ. ಕುಂದರ್ರಿ."

ಅತ್ತೆ ಕೂರಲಿಲ್ಲ. ನನ್ನ ಮುಂದೆಯೇ ಮನೆಗೆ ಫೋನು ಹಚ್ಚಿದರು. ಅಕ್ಕನ ಮಾವ ಎತ್ತಿದರು ಅನ್ನಿಸುತ್ತದೆ.

"ಕಿಟಕ್ಯಾನ ಬಾಟಲಿ ಅದಾವಲ್ಲ, ಎಲ್ಲಾ ಚೆಲ್ರಿ. ... ಈಗ. ... ಬಳ್ಳಿ ಸುದ್ದಾ. ... ಯಾಕ ಅಂತ ಕೇಳಬ್ಯಾಡ್ರಿ, ಬಂದ ಹೇಳತೇನಿ. ... ಚೆಲ್ಲಿದ ಮ್ಯಾಲೆ ಒಳಗ ಬ್ರಶ್ ಹಾಕಿ ತಿಕ್ಕರಿ." ಆಮೇಲೆ ನನ್ನ ಕಡೆ ನೋಡಿ ಕೇಳಿದರು, "ತಿಕ್ಕಬೇಕಲ್ಲ?"

"ತಿಕ್ಕಬೇಕ್ರಿ," ಅಂದೆ.

ಮುಚ್ಚಳದ ನೀರನ್ನು ನಾನು ಮಣ್ಣಿಗೆ ಚೆಲ್ಲಿ, ಅಂಚಿಗೆ ಒಂದು ಕಡೆ ಮೊಳೆಯಿಂದ ತೂತು ಹೊಡೆದೆ. ಅವರು ನೋಡುತ್ತಾ ನಿಂತಿದ್ದರು. ನಾಲ್ಕೂ ಮುಚ್ಚಳ ಮುಗಿಯುವ ತನಕ ಅಲ್ಲಿಂದ ಕದಲಲಿಲ್ಲ. ಮುಗಿದ ಮೇಲೆ ಅಕ್ಕನಿಗೆ, "ಬ್ಯಾಗ್ ಇಳಸಾಕ ಹೇಳ ನಿನ್ನ ಗಂಡಗ. ನೀ ಇಲ್ಲೇ ಇರು," ಅಂದರು. ಅವ್ವ ಕೇಳದವಳಂತೆ ಒಳಗೆ ಹೋಗಿ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡತೊಡಗಿದಳು.

ಸಂಜೆ ಹೊರಡುವಾಗ ಉಡಿ ತುಂಬಿಸಿಕೊಂಡು ಎಲ್ಲರೂ ಗಾಡಿಯಲ್ಲಿ ಕೂತಿದ್ದರು. ಅತ್ತೆ ಮಾತ್ರ ಗೇಟಿನ ಹತ್ತಿರ ನಿಂತು ನನ್ನನ್ನು ಕರೆದರು.

"ಬರೂ ಐತವಾರ ನಮ್ಮ ಮನಿಗಿ ಬಾ. ಬಾಟಲಿ ಅಷ್ಟ ಅಲ್ಲ, ಮತ್ತ ಎಲ್ಲೆಲ್ಲಿ ಅದಾವ, ಎಲ್ಲಾ ತೋರಿಸ. ಫ್ರಿಜ್ಜಿನ ಹಿಂದ, ಗಚ್ಚಿ ಮ್ಯಾಲೆ, ಎಲ್ಲಾ ನೋಡ."

"ಬರ್ತೇನ್ರಿ."

ಅವರು ಗೇಟಿನ ಚಿಲಕ ಹಿಡಿದುಕೊಂಡು ಗಾಡಿಯ ಕಡೆ ತಿರುಗಿ ನೋಡಿದರು. ಗಾಡಿಯ ಹಿಂದಿನ ಸೀಟಿನಲ್ಲಿ ಅವರ ಸಣ್ಣ ಮಗ ಮೊಬೈಲು ನೋಡುತ್ತಾ ಕೂತಿದ್ದ.

"ಅವನ ಮುಂದ ಮಾತ್ರ ಏನೂ ಅನಬ್ಯಾಡವಾ," ಅಂದರು. "ಗಿಡದ ಬುಡ ಸ್ವಚ್ಛ ಮಾಡಾಕ ಬಂದೇನಿ ಅಂತ ಹೇಳ."

ನಾನು ಆಗಲಿ ಅಂದೆ. ಅವರು ಹೋಗಿ ಗಾಡಿಯಲ್ಲಿ ಮಗನ ಬಾಜೂ ಕೂತರು.